‘ಆ ಮಾತ್ರೆ ನನಗೆ ಒಗ್ಗಲಿಲ್ಲ’: ಸೈಡ್ ಎಫೆಕ್ಟ್ ಹೇಳಿಕೊಳ್ಳುವ ಆ್ಯಪ್ ಹೇಗಿರಬೇಕು?



ಇವತ್ತು ನಾನು ಮಾತಾಡಬೇಕಾಗಿರುವುದು ಒಂದು ಮೊಬೈಲ್ ಆ್ಯಪ್ ಬಗ್ಗೆ. ಆದರೆ ಅದಕ್ಕೂ ಮೊದಲು ಒಂದು ಕೆಮ್ಮಿನ ಕಥೆ ಹೇಳ್ತೀನಿ. ಯಾಕಂದ್ರೆ ಆ ಕೆಮ್ಮು ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ನಮ್ಮಮ್ಮ ತಿಪಟೂರಿನಲ್ಲಿ ಇರ್ತಾರೆ. 68 ವರ್ಷ. ಬಿಪಿ ಜಾಸ್ತಿ ಇದೆ ಅಂತ ಡಾಕ್ಟರು ದಿನಕ್ಕೊಂದು ಮಾತ್ರೆ ಶುರು ಮಾಡಿದರು. ಬಿಪಿ ಹತೋಟಿಗೆ ಬಂತು. ಒಂದು ತಿಂಗಳಾಗಿರಬೇಕು, ಒಣಕೆಮ್ಮು ಶುರುವಾಯಿತು. ಗಂಟಲಲ್ಲಿ ಏನೋ ಕೆರೆದ ಹಾಗೆ. ಮಲಗಿದರೆ ಇನ್ನೂ ಜಾಸ್ತಿ. ಮೊದಲು ಜ್ಯೇಷ್ಠಮಧು, ಶುಂಠಿ ಕಷಾಯ. ಆಮೇಲೆ ಸಿರಪ್ಪು. ಆಮೇಲೆ ಇನ್ನೊಂದು ಸಿರಪ್ಪು. ಎಕ್ಸ್‌ರೇ ಆಯಿತು, ಕಫ ಪರೀಕ್ಷೆ ಆಯಿತು, ತಲೆದಿಂಬು ಬದಲಾಯಿಸಿದ್ದೂ ಆಯಿತು. ದೇವಸ್ಥಾನಕ್ಕೆ ಹೋದರೆ ಮಂಗಳಾರತಿ ಹೊತ್ತಲ್ಲಿ ಕೆಮ್ಮು ಬರುತ್ತೆ ಅಂತ ಅಮ್ಮ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟರು. ಹೀಗೆ ಎಂಟು ತಿಂಗಳು.

ಕೊನೆಗೆ ಬೇರೆ ಯಾವುದೋ ಕಾರಣಕ್ಕೆ ಹೋದಾಗ ಇನ್ನೊಬ್ಬ ಡಾಕ್ಟರು ಒಂದೇ ಒಂದು ಪ್ರಶ್ನೆ ಕೇಳಿದರು. ‘ಬಿಪಿಗೆ ಯಾವ ಮಾತ್ರೆ ತಗೋತಿದ್ದೀರಮ್ಮಾ?’ ಅದು ಎನಾಲಾಪ್ರಿಲ್. ಮಾತ್ರೆ ಬದಲಾಯಿಸಿದರು. ಮೂರು ವಾರದಲ್ಲಿ ಕೆಮ್ಮು ಹೋಯಿತು.

ಎನಾಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುವುದು ವೈದ್ಯಕೀಯದಲ್ಲಿ ಹೊಸ ವಿಷಯವೇನಲ್ಲ. ಈ ಮಾತ್ರೆ ತಡೆಯುವ ಕಿಣ್ವವೇ ಬ್ರಾಡಿಕೈನಿನ್ ಅನ್ನೋ ವಸ್ತುವನ್ನೂ ಒಡೆಯುತ್ತಿರುತ್ತದೆ. ಮಾತ್ರೆ ತಗೊಂಡಾಗ ಆ ವಸ್ತು ಶೇಖರವಾಗಿ ಕೆಮ್ಮು ಬರುತ್ತದೆ ಅಂತ ವಿವರಿಸುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಪುಸ್ತಕದಲ್ಲಿ ಇದೆ, ಡಾಕ್ಟರಿಗೆ ಗೊತ್ತು, ಔಷಧಿ ಅಂಗಡಿಯವರಿಗೂ ಗೊತ್ತು. ಗೊತ್ತಿಲ್ಲದೇ ಇದ್ದಿದ್ದು ಕೆಮ್ಮುತ್ತಿದ್ದವರಿಗೆ ಮಾತ್ರ.

ನಾನು ಅಮ್ಮನನ್ನು ಕೇಳಿದೆ. ‘ಮಾತ್ರೆ ಶುರುವಾದ ಮೇಲೆ ಕೆಮ್ಮು ಬಂತು ಅಂತ ನಿನಗೆ ಅನ್ನಿಸಲೇ ಇಲ್ವಾ?’ ಅಮ್ಮ ಹೇಳಿದರು: ‘ಅನ್ನಿಸಿತ್ತು ಕಣೇ. ಆದರೆ ಯಾರಿಗೆ ಹೇಳೋದು? ಡಾಕ್ಟರು ಕೊಟ್ಟ ಮಾತ್ರೆ ಸರಿಯಿಲ್ಲ ಅಂತ ಅವರ ಮುಂದೇನೇ ಹೇಳೋಕಾಗುತ್ತಾ?’

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಬೆಂಗಳೂರಲ್ಲಿ ಆ್ಯಪ್‌ಗಳ ವಿನ್ಯಾಸ ಮಾಡುವವಳು. ಜನ ಊಟ ತರಿಸಿಕೊಳ್ಳೋಕೆ, ದುಡ್ಡು ಕಳಿಸೋಕೆ ಎಷ್ಟು ಒತ್ತಬೇಕು, ಎಲ್ಲಿ ಒತ್ತಬೇಕು ಅಂತ ಲೆಕ್ಕ ಹಾಕುವುದೇ ನನ್ನ ಕಸುಬು. ‘ಯಾರಿಗೆ ಹೇಳೋದು’ ಅನ್ನೋ ಪ್ರಶ್ನೆಗೆ ನನ್ನ ಕಸುಬಿನಲ್ಲಿ ಉತ್ತರ ಇರಬೇಕಿತ್ತು ಅಲ್ವಾ?

ಹುಡುಕಿದಾಗ ಗೊತ್ತಾಗಿದ್ದು ಏನಂದ್ರೆ, ಹೇಳಿಕೊಳ್ಳುವ ಜಾಗ ಈಗಾಗಲೇ ಇದೆ. ನಮ್ಮ ದೇಶದಲ್ಲಿ 2010ರಲ್ಲಿ ಶುರುವಾದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮ ಇದೆ. ಇಂಗ್ಲಿಷಿನಲ್ಲಿ ಫಾರ್ಮಕೋವಿಜಿಲೆನ್ಸ್ ಅಂತಾರೆ. ಗಾಜಿಯಾಬಾದಿನಲ್ಲಿರುವ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ 2011ರಿಂದ ಅದರ ರಾಷ್ಟ್ರೀಯ ಕೇಂದ್ರ. ಬಹಳಷ್ಟು ಮೆಡಿಕಲ್ ಕಾಲೇಜುಗಳಲ್ಲಿ ಇದರ ನಿಗಾ ಕೇಂದ್ರಗಳಿವೆ, ಕರ್ನಾಟಕದಲ್ಲೂ ಇವೆ. 1800-180-3024 ಅನ್ನೋ ಟೋಲ್ ಫ್ರೀ ನಂಬರ್ ಇದೆ. ಡಾಕ್ಟರುಗಳಿಗೊಂದು ಫಾರ್ಮ್, ನಮ್ಮಂಥ ಸಾಮಾನ್ಯರಿಗೊಂದು ಫಾರ್ಮ್. ಸಾಮಾನ್ಯರ ಫಾರ್ಮ್ ಕನ್ನಡದಲ್ಲೂ ಇದೆ. ಮೊಬೈಲ್ ಆ್ಯಪ್ ಕೂಡ ಬಂದಿದೆ.

ಇಲ್ಲಿಗೆ ಬಂದ ವರದಿಗಳು ಗಾಜಿಯಾಬಾದಿನಲ್ಲೇ ನಿಲ್ಲುವುದಿಲ್ಲ. ಸ್ವೀಡನ್‌ನ ಉಪ್ಸಾಲಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಕೆಲಸ ಮಾಡುವ ಒಂದು ಕೇಂದ್ರ ಇದೆ. ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳ ವರದಿಗಳು ಅಲ್ಲಿ ಒಟ್ಟು ಸೇರುತ್ತವೆ. ತಿಪಟೂರಿನ ಒಂದು ಕೆಮ್ಮು ಅಲ್ಲಿಯವರೆಗೂ ಹೋಗಬಹುದು.

ಇದೆಲ್ಲ ಯಾಕೆ ಬೇಕು ಅಂತ ನೀವು ಕೇಳಬಹುದು. ಮಾರುಕಟ್ಟೆಗೆ ಬರುವ ಮೊದಲು ಔಷಧಿಯ ಪರೀಕ್ಷೆ ಆಗಿರುತ್ತೆ ತಾನೇ? ಆಗಿರುತ್ತೆ. ಆದರೆ ಆ ಪರೀಕ್ಷೆ ನಡೆಯುವುದು ಕೆಲವು ನೂರು ಅಥವಾ ಕೆಲವು ಸಾವಿರ ಜನರ ಮೇಲೆ, ಸೀಮಿತ ಕಾಲದವರೆಗೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆ ಅಲ್ಲಿ ಕಾಣದೇ ಹೋಗಬಹುದು. ಅದು ಕಾಣುವುದು ಲಕ್ಷಾಂತರ ಜನ ನುಂಗಿದ ಮೇಲೆಯೇ. ಅದೂ ನುಂಗಿದವರು ಹೇಳಿದರೆ ಮಾತ್ರ.

ಥಾಲಿಡೋಮೈಡ್ ಹೆಸರು ಕೇಳಿರ್ತೀರಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ನಿದ್ರೆ ಮಾತ್ರೆ. ಬಸುರಿಯರು ವಾಂತಿ, ಸಂಕಟಕ್ಕೂ ಅದನ್ನು ತಗೊಂಡರು. 1961ರ ಕೊನೆಗೆ ವಾಪಸ್ ತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಅದಾದ ಮೇಲೆ 1964ರಲ್ಲಿ ಬ್ರಿಟನ್‌ನಲ್ಲಿ ಹಳದಿ ಕಾರ್ಡ್ ಯೋಜನೆ ಬಂತು. ಡಾಕ್ಟರು ಒಂದು ಹಳದಿ ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕುವುದು. ಗಮನಿಸಿ, ಬರೆಯುವ ಹಕ್ಕು ಮಾತ್ರೆ ನುಂಗಿದವರಿಗೆ ಇರಲಿಲ್ಲ. ಅಲ್ಲಿ ದೇಶದಾದ್ಯಂತ ರೋಗಿಗಳೇ ನೇರವಾಗಿ ವರದಿ ಮಾಡಬಹುದು ಅಂತ ಆಗಿದ್ದು 2005ರಲ್ಲಿ. ಅಂದ್ರೆ ಸುಮಾರು ನಲವತ್ತು ವರ್ಷ ಬೇಕಾಯಿತು. ಹಳದಿ ಕಾರ್ಡಿನ ಆ್ಯಪ್ ಬಂದಿದ್ದು 2015ರಲ್ಲಿ.

ನಮ್ಮಲ್ಲೇ ಒಂದು ಉದಾಹರಣೆ ಹೇಳ್ತೀನಿ. ಮುಟ್ಟಿನ ಹೊಟ್ಟೆನೋವಿಗೆ, ಮೈಕೈ ನೋವಿಗೆ ಎಷ್ಟೋ ಮನೆಗಳಲ್ಲಿ ಮೆಫೆನಾಮಿಕ್ ಆಸಿಡ್ ಮಾತ್ರೆ ಇದ್ದೇ ಇರುತ್ತೆ. 2023ರ ನವೆಂಬರ್‌ 30ರಂದು ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದರ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ‘ಡ್ರೆಸ್ ಸಿಂಡ್ರೋಮ್’ ಅನ್ನೋ ಅಪರೂಪದ, ಆದರೆ ಗಂಭೀರವಾದ ಅಲರ್ಜಿಯ ಬಗ್ಗೆ. ಮೈಮೇಲೆ ದದ್ದು, ಜ್ವರ, ಒಳಗಿನ ಅಂಗಗಳಿಗೂ ತೊಂದರೆ. ಆ ಎಚ್ಚರಿಕೆ ಬಂದಿದ್ದು ಹೇಗೆ? ನಮ್ಮ ದೇಶದೊಳಗಿಂದ ಬಂದ ವರದಿಗಳನ್ನು ಪರಿಶೀಲಿಸಿದಾಗ. ಯಾರೋ ಹೇಳಿದ್ದಕ್ಕೆ, ಯಾರೋ ಬರೆದಿದ್ದಕ್ಕೆ.

ಆದರೆ ಹೇಳುವವರು ಬಹಳ ಕಡಿಮೆ. 2006ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ 12 ದೇಶಗಳ 37 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಆ ಅಧ್ಯಯನಗಳ ನಡುಮಟ್ಟದ ಲೆಕ್ಕ ಹಿಡಿದರೆ ನೂರರಲ್ಲಿ 94 ಅಡ್ಡಪರಿಣಾಮಗಳು ವರದಿಯೇ ಆಗುವುದಿಲ್ಲ. ನಮ್ಮಮ್ಮನ ಕೆಮ್ಮು ಆ 94ರಲ್ಲಿ ಒಂದು.

ಸರಿ, ಹಾಗಾದರೆ ಸುಲಭವಾದ ಆ್ಯಪ್ ಒಂದು ಮಾಡೋಣ ಅಂತ ನಾವು ನಾಲ್ಕು ಜನ ಸ್ನೇಹಿತರು ಸೇರಿಕೊಂಡೆವು. ಇಬ್ಬರು ಸಾಫ್ಟ್‌ವೇರ್ ಬರೆಯುವವರು, ನಾನು, ಜೊತೆಗೆ ಫಾರ್ಮಕಾಲಜಿ ಪಾಠ ಮಾಡುವ ಒಬ್ಬ ಹಿರಿಯರು. ಅವರನ್ನು ಇಲ್ಲಿ ‘ಮೇಷ್ಟ್ರು’ ಅಂತಲೇ ಕರೀತೀನಿ. ಮೊದಲೇ ಹೇಳಿಬಿಡ್ತೀನಿ, ಇದು ಪ್ರಯೋಗದ ಮಾದರಿ. ಪ್ಲೇ ಸ್ಟೋರಿನಲ್ಲಿ ಹುಡುಕಬೇಡಿ, ಸಿಗಲ್ಲ. ನಾನು ಹೇಳಬೇಕಾಗಿರುವುದು ಅದರಿಂದ ಕಲಿತಿದ್ದನ್ನು.

ನಮ್ಮ ಮೊದಲ ಮಾದರಿ ನೋಡೋಕೆ ತುಂಬಾ ಚೆನ್ನಾಗಿತ್ತು. ತಿಳಿನೀಲಿ ಬಣ್ಣ, ದುಂಡಗಿನ ಬಟನ್ನುಗಳು. ಒಳಗೆ 23 ಪ್ರಶ್ನೆಗಳು. ಕನ್ನಡದಲ್ಲೇ. ‘ರೋಗಿಯ ಮೊದಲಕ್ಷರಗಳು’, ‘ಶಂಕಿತ ಔಷಧ’, ‘ಬ್ಯಾಚ್ ಸಂಖ್ಯೆ’, ‘ಪ್ರತಿಕೂಲ ಪ್ರತಿಕ್ರಿಯೆ ಆರಂಭವಾದ ದಿನಾಂಕ’. ಊರಿಗೆ ಹೋದಾಗ ಅಮ್ಮನ ಕೈಗೆ ಫೋನು ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಎರಡನೇ ಪ್ರಶ್ನೆವರೆಗೂ ಓದಿದರು. ಫೋನು ವಾಪಸ್ ಕೊಟ್ಟರು. ‘ನೀನೇ ತುಂಬೇ. ಇದು ನನಗಲ್ಲ, ಯಾವುದೋ ಆಫೀಸಿಗೆ.’

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಆ ಪ್ರಶ್ನೆಗಳೆಲ್ಲ ವರದಿ ಓದುವವರಿಗೆ ಬೇಕಾದ ಕ್ರಮದಲ್ಲಿದ್ದವು. ತೊಂದರೆ ಪಟ್ಟವರು ಹೇಳುವ ಕ್ರಮದಲ್ಲಿ ಇರಲಿಲ್ಲ. ನಾವು ಕಾಗದದ ಫಾರ್ಮನ್ನು ಎತ್ತಿ ಗಾಜಿನ ಮೇಲೆ ಇಟ್ಟಿದ್ದೆವು ಅಷ್ಟೆ.

ಆಮೇಲೆ ಒಂದಷ್ಟು ದಿನ ನಾನು ಪರಿಚಯದ ಒಂದು ಔಷಧಿ ಅಂಗಡಿಯಲ್ಲಿ ಸುಮ್ಮನೆ ಕೂತೆ. ಅಂಗಡಿಯವರ ಒಪ್ಪಿಗೆ ತಗೊಂಡು, ಜನ ಏನು ಹೇಳ್ತಾರೆ ಅಂತ ಕೇಳಿಸಿಕೊಂಡೆ. ‘ಅಡ್ಡಪರಿಣಾಮ’ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಕೆಲವರು ಸೈಡ್ ಎಫೆಕ್ಟ್ ಅಂದರು. ಆದರೆ ಹೆಚ್ಚಿನವರು ಹೇಳಿದ್ದು ಒಂದೇ ಮಾತು. ‘ಹೋದ ಸಲ ಕೊಟ್ಟಿದ್ರಲ್ಲ, ಆ ಮಾತ್ರೆ ನನಗೆ ಒಗ್ಗಲಿಲ್ಲ.’

ಒಗ್ಗಲಿಲ್ಲ. ಎಂಥಾ ಒಳ್ಳೇ ಪದ ನೋಡಿ. ಇದರಲ್ಲಿ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಡಾಕ್ಟರದ್ದೂ ತಪ್ಪಲ್ಲ, ಕಂಪನಿದೂ ತಪ್ಪಲ್ಲ, ನನ್ನ ಮೈದೂ ತಪ್ಪಲ್ಲ. ಇಬ್ಬರಿಗೂ ಹೊಂದಿಕೆ ಆಗಲಿಲ್ಲ. ಅಮ್ಮನಿಗೆ ಡಾಕ್ಟರ ಮುಂದೆ ಹೇಳಲು ಇದ್ದ ಮುಜುಗರ ಈ ಪದದಲ್ಲಿ ಇಲ್ಲ. ನಮ್ಮ ಎರಡನೇ ಮಾದರಿಯ ಮೊದಲ ಪರದೆಯಲ್ಲಿ ಒಂದೇ ಒಂದು ಪ್ರಶ್ನೆ ಇಟ್ಟೆವು. ‘ಯಾವುದಾದರೂ ಔಷಧಿ ಒಗ್ಗಲಿಲ್ಲವೇ?’

ಅದರ ಕೆಳಗೆ ಎರಡು ಬಟನ್. ‘ನನಗೆ’, ‘ನಮ್ಮ ಮನೆಯವರಿಗೆ’. ಇದೂ ಕಲಿತ ಪಾಠವೇ. ನಮ್ಮಲ್ಲಿ ಫೋನು ಹಿಡಿದವರೇ ಮಾತ್ರೆ ನುಂಗಿದವರಾಗಿರಬೇಕು ಅಂತೇನಿಲ್ಲ. ಅತ್ತೆಗಾಗಿ ಸೊಸೆ, ತಾತನಿಗಾಗಿ ಮೊಮ್ಮಗ, ಊರಿನವರಿಗಾಗಿ ಆಶಾ ಕಾರ್ಯಕರ್ತೆ ಹೇಳಬಹುದು.

ಮುಂದೆ, ‘ಏನಾಯ್ತು?’ ಮೊದಲು ಮೈಯ ಮಾತು, ಆಮೇಲೆ ಮಾತ್ರೆಯ ಹೆಸರು. ಯಾಕಂದ್ರೆ ಮನುಷ್ಯರು ಹೇಳುವುದೇ ಹಾಗೆ. ‘ತಲೆ ಸುತ್ತಿಬಿಡ್ತು ಸಾರ್’ ಅಂತ ಶುರು ಮಾಡ್ತಾರೆಯೇ ಹೊರತು ಮಾತ್ರೆ ಹೆಸರಿನಿಂದ ಶುರು ಮಾಡಲ್ಲ. ಟೈಪ್ ಮಾಡೋಕೆ ಕಷ್ಟ ಆಗುವವರಿಗೆ ದೊಡ್ಡದೊಂದು ಮೈಕ್ ಗುರುತು. ಒತ್ತಿ, ಹೇಳಿ, ಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ ಎಲ್ಲರಿಗೂ ಅಭ್ಯಾಸ ಇದೆ.

ಆದರೆ ಇಲ್ಲೊಂದು ಅಪಾಯ ಇದೆ. ವರದಿಯನ್ನು ಲೆಕ್ಕಕ್ಕೆ ತಗೊಳ್ಳಬೇಕಾದರೆ ಈ ಮಾತುಗಳನ್ನೆಲ್ಲ ವೈದ್ಯಕೀಯ ಪದಗಳ ಕೋಡ್‌ಗೆ ಬದಲಾಯಿಸಬೇಕು. ನಮ್ಮ ಜನ ಹೇಳ್ತಾರೆ, ‘ಆ ಮಾತ್ರೆ ತಗೊಂಡು ಹೀಟ್ ಆಯ್ತು.’ ಹೀಟ್ ಅಂದ್ರೆ ಏನು? ಜ್ವರವೇ? ಅಲ್ಲ. ಒಬ್ಬರಿಗೆ ಬಾಯಿಹುಣ್ಣು, ಇನ್ನೊಬ್ಬರಿಗೆ ಉರಿಮೂತ್ರ, ಮತ್ತೊಬ್ಬರಿಗೆ ಕಣ್ಣುರಿ. ನಮ್ಮ ಸಾಫ್ಟ್‌ವೇರ್ ಮೊದಲು ಎಲ್ಲವನ್ನೂ ಜ್ವರ ಅಂತ ಬರೆದುಕೊಂಡಿತ್ತು! ಉತ್ತರ ಕರ್ನಾಟಕದ ಗೆಳತಿಯೊಬ್ಬಳು ನೋಡಿ, ‘ಅಲ್ಲ, ನಮ್ಮ ಕಡೆ ತಲಿ ತಿರಗತೈತಿ ಅಂದ್ರ ನಿಮ್ಮ ಆ್ಯಪಿಗೆ ತಿಳೀತೈತೇನು?’ ಅಂತ ಕೇಳಿದಳು. ತಿಳಿಯುತ್ತಿರಲಿಲ್ಲ. ಹಾಗಾಗಿ ಈಗ ಎರಡು ನಿಯಮ ಮಾಡಿಕೊಂಡಿದ್ದೀವಿ. ಒಂದು, ಹೀಟ್ ಅಂದರೆ ಆ್ಯಪ್ ತಿರುಗಿ ಕೇಳಬೇಕು, ‘ಎಲ್ಲಿ?’ ಅಂತ. ಎರಡು, ಯಾವ ಕೋಡ್ ಕೊಟ್ಟರೂ ಅವರು ಹೇಳಿದ ಮೂಲ ಮಾತು ಹಾಗೆಯೇ ಪಕ್ಕದಲ್ಲಿ ಉಳಿಯಬೇಕು. ಯಂತ್ರ ತಪ್ಪು ತಿಳಿದುಕೊಂಡಿದ್ದರೂ ಓದುವ ಮನುಷ್ಯ ಸರಿಯಾಗಿ ತಿಳಿದುಕೊಳ್ಳಬೇಕಲ್ಲ.

ಇನ್ನು ಯಾವ ಔಷಧಿ ಅನ್ನೋ ಪ್ರಶ್ನೆ. ‘ಬಿಳಿ ಮಾತ್ರೆ, ಚಿಕ್ಕದು’ ಅಂತಾರೆ. ಫೋಟೋ ತೆಗೆಯಿರಿ ಅಂದೆವು. ಸುಲಭ ಅಂದುಕೊಂಡೆವು. ಆದರೆ ನಮ್ಮ ಅಂಗಡಿಗಳಲ್ಲಿ ನಾಲ್ಕು ಮಾತ್ರೆ ಬೇಕು ಅಂದರೆ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಕೊಡ್ತಾರೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಕು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತೆ. ನಮ್ಮ ಕೈಗೆ ಬರೋದು ಅರ್ಧ ಹೆಸರು. 2023ರ ಆಗಸ್ಟ್‌ 1ರಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ ಕ್ಯುಆರ್ ಕೋಡ್ ಕಡ್ಡಾಯ ಆಗಿದೆ. ಅದರಲ್ಲಿ ಹೆಸರು, ತಯಾರಕರು, ಬ್ಯಾಚ್, ತಾರೀಕು ಎಲ್ಲ ಇರುತ್ತೆ. ಸ್ಕ್ಯಾನ್ ಮಾಡಿದರೆ ಅರ್ಧ ಫಾರ್ಮ್ ತಾನೇ ತುಂಬಿಕೊಳ್ಳುತ್ತೆ. ಆದರೆ ಸ್ಟ್ರಿಪ್ಪಿನ ಮೇಲೆ ಜಾಗ ಸಾಲದಿದ್ದರೆ ಕೋಡ್ ಹೊರಗಿನ ಡಬ್ಬಿಯ ಮೇಲೆ ಇರಬಹುದು. ಆ ಡಬ್ಬಿ ನಮ್ಮ ಮನೆಗೆ ಬರಲ್ಲ. ಆದ್ದರಿಂದ ಆ್ಯಪ್ ಯಾವುದಕ್ಕೂ ಹಟ ಹಿಡಿಯಬಾರದು. ಕೋಡ್ ಇದ್ದರೆ ಕೋಡ್, ಇಲ್ಲದಿದ್ದರೆ ಸ್ಟ್ರಿಪ್ಪಿನ ಫೋಟೋ, ಅದೂ ಇಲ್ಲದಿದ್ದರೆ ಡಾಕ್ಟರ ಚೀಟಿಯ ಫೋಟೋ ಅಥವಾ ಅಂಗಡಿ ಬಿಲ್ಲು. ಬ್ಯಾಚ್ ನಂಬರ್ ಇಲ್ಲ ಅಂತ ವರದಿಯನ್ನು ತಡೆಯಬಾರದು.

ಫೋಟೋ ಓದಿದ ಮೇಲೆ ಆ್ಯಪ್ ತಾನು ಓದಿದ್ದನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ ‘ಇದೇನಾ?’ ಅಂತ ಕೇಳುತ್ತದೆ. ಒಂದಕ್ಷರ ವ್ಯತ್ಯಾಸವಾದರೆ ಬೇರೆಯದೇ ಔಷಧಿ ಆಗುವ ಬ್ರ್ಯಾಂಡ್ ಹೆಸರುಗಳು ನಮ್ಮಲ್ಲಿ ಇವೆ. ಇಲ್ಲಿ ಯಂತ್ರವನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ತಾರೀಕಿನ ವಿಷಯ ಕೇಳಿ. ‘ಯಾವ ದಿನ ಶುರುವಾಯಿತು?’ ಅಂದರೆ ಕ್ಯಾಲೆಂಡರ್ ನೋಡಿ ಸುಮ್ಮನಾಗ್ತಾರೆ, ಇಲ್ಲವೇ ಅಂದಾಜಿಗೆ ಯಾವುದೋ ಒಂದು ದಿನ ಒತ್ತುತ್ತಾರೆ. ತಪ್ಪು ತಾರೀಕು ಖಾಲಿ ಜಾಗಕ್ಕಿಂತ ಕೆಟ್ಟದ್ದು. ಅದೇ ‘ಮಾತ್ರೆ ಶುರು ಮಾಡಿ ಎಷ್ಟು ದಿನಕ್ಕೆ ಹೀಗಾಯ್ತು?’ ಅಂತ ಕೇಳಿದರೆ ಥಟ್ಟನೆ ಹೇಳ್ತಾರೆ. ‘ಅವತ್ತೇ’, ‘ಒಂದು ವಾರಕ್ಕೆ’, ‘ಗೌರಿ ಹಬ್ಬಕ್ಕೆ ಶುರು ಮಾಡಿದ್ದು, ದಸರಾ ಹೊತ್ತಿಗೆ ಕೆಮ್ಮು’. ನಿಜ ಹೇಳಬೇಕಂದ್ರೆ ಪರಿಣತರಿಗೆ ಮುಖ್ಯವಾಗಿ ಬೇಕಾಗಿರುವುದೂ ಈ ಅಂತರವೇ.

ಇಷ್ಟೆಲ್ಲ ಸುಲಭ ಮಾಡಿದಾಗ ಮೇಷ್ಟ್ರು ಮುಖ ಗಂಟು ಹಾಕಿಕೊಂಡರು. ‘ನೀವು ಬಾಗಿಲನ್ನ ಇಷ್ಟು ಅಗಲ ಮಾಡಿದರೆ ಒಳಗೆ ಬರೋದೆಲ್ಲ ಹೊಟ್ಟು, ಕಾಳು ಹುಡುಕೋರು ಯಾರು?’ ಅಂದರು. ಆ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಒಂದು ತೊಂದರೆ ಔಷಧಿಯಿಂದಲೇ ಆಯಿತೇ ಅಂತ ತೂಗಿ ನೋಡಬೇಕಾದರೆ ಮಾಹಿತಿ ಬೇಕು. ಬೇರೆ ಯಾವ ಔಷಧಿ ಜೊತೆಗಿತ್ತು? ಮೊದಲೇ ಕಾಯಿಲೆ ಇತ್ತೇ? ನಿಲ್ಲಿಸಿದ ಮೇಲೆ ಕಡಿಮೆ ಆಯಿತೇ? ಇದ್ಯಾವುದೂ ಇಲ್ಲದೆ ‘ತಲೆ ಸುತ್ತು’ ಅಂತ ಹತ್ತು ಸಾವಿರ ವರದಿ ಬಂದರೆ ಪ್ರಯೋಜನ ಇಲ್ಲ.

ಈ ಜಗಳ ನಮ್ಮಲ್ಲಿ ವಾರಗಟ್ಟಲೆ ನಡೆಯಿತು. ಕೊನೆಗೆ ದಾರಿ ತೋರಿಸಿದವರೂ ಮೇಷ್ಟ್ರೇ. ಒಂದು ವರದಿ ವರದಿ ಅನ್ನಿಸಿಕೊಳ್ಳಲು ಜಗತ್ತಿನಲ್ಲೆಲ್ಲ ನಾಲ್ಕು ಅಂಶ ಸಾಕು. ಯಾರಿಗೆ ಆಯಿತು, ಯಾವ ಔಷಧಿ, ಏನಾಯಿತು, ಹೇಳುತ್ತಿರುವವರು ಯಾರು. ಸರಿ, ಆ ನಾಲ್ಕನ್ನು ಮೊದಲು ತಗೊಂಡು ಅಲ್ಲೇ ‘ಕಳಿಸಿ’ ಅನ್ನೋ ಬಟನ್ ಇಟ್ಟೆವು. ಅಲ್ಲಿಗೆ ನಿಲ್ಲಿಸುವವರು ನಿಲ್ಲಿಸಬಹುದು. ವರದಿ ಹೋಗಿರುತ್ತದೆ. ಸಮಯ ಇದ್ದವರಿಗೆ ‘ಇನ್ನೂ ಐದು ಪ್ರಶ್ನೆ ಕೇಳಬಹುದಾ?’ ಅಂತ ಮುಂದಿನ ಪರದೆ. ಈಗ ಬೇಡ ಅಂದರೆ ಮಾರನೇ ದಿನ ನೆನಪಿಸುತ್ತದೆ. ವಿಷಯ ಗಂಭೀರ ಅನ್ನಿಸಿದರೆ ಮನುಷ್ಯರೇ ಫೋನ್ ಮಾಡಿ ಕೇಳುವುದಕ್ಕೆ ಒಪ್ಪಿಗೆ ಪಡೆದುಕೊಳ್ಳುತ್ತದೆ.

ಆ ಐದರಲ್ಲಿ ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕು ಅಂತ ನಾವು ಬಹಳ ಒದ್ದಾಡಿದೆವು. ‘ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?’ ಅಂದರೆ ಎಲ್ಲರೂ ‘ಇಲ್ಲ’ ಅಂತಾರೆ. ಯಾಕಂದ್ರೆ ನಾಟಿ ಔಷಧಿ, ಲೇಹ್ಯ, ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆ, ಪಕ್ಕದ ಮನೆಯವರು ಕೊಟ್ಟ ಶುಗರ್ ಕಷಾಯ, ಇದನ್ನೆಲ್ಲ ಯಾರೂ ಔಷಧಿ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಒಂದೊಂದನ್ನೂ ಹೆಸರು ಹೇಳಿ ಕೇಳಿದ ಮೇಲೆ ‘ಹ್ಞೂಂ, ಅದು ಇದೆ’ ಅಂತ ಬಂತು.

ಈಗ ಅತಿ ಸೂಕ್ಷ್ಮವಾದ ವಿಷಯಕ್ಕೆ ಬರ್ತೀನಿ. ಇಂಥ ಆ್ಯಪ್ ಒಂದೇ ಒಂದು ತಪ್ಪು ಮಾಡಿದರೂ ಜೀವಕ್ಕೆ ಅಪಾಯ. ಜನ ವರದಿ ಕೊಟ್ಟು, ಆಮೇಲೆ ತಾವೇ ಮಾತ್ರೆ ನಿಲ್ಲಿಸಿಬಿಟ್ಟರೆ? ಬಿಪಿ ಮಾತ್ರೆ, ಮೂರ್ಛೆ ರೋಗದ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಏನಾಗಬಹುದು ಅಂತ ನಿಮಗೆ ಗೊತ್ತು.

ಕ್ಷಯರೋಗದ ಚಿಕಿತ್ಸೆಯನ್ನೇ ತಗೊಳ್ಳಿ. ರಿಫಾಂಪಿಸಿನ್ ಅನ್ನೋ ಔಷಧಿ ತಗೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ತೊಂದರೆ ಏನಿಲ್ಲ. ಆದರೆ ಮೊದಲೇ ಹೇಳದಿದ್ದರೆ ರಕ್ತ ಹೋಗ್ತಿದೆ ಅಂತ ಹೆದರಿ ಮಾತ್ರೆ ಬಿಟ್ಟುಬಿಡಬಹುದು. ಅದೇ ಚಿಕಿತ್ಸೆಯಲ್ಲಿ ಕಣ್ಣು ಹಳದಿಯಾದರೆ ಅದು ಲಿವರಿಗೆ ಪೆಟ್ಟು ಬಿದ್ದಿರುವ ಸೂಚನೆ, ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಎರಡೂ ಬಣ್ಣದ ಮಾತೇ. ಒಂದಕ್ಕೆ ಧೈರ್ಯ ಬೇಕು, ಇನ್ನೊಂದಕ್ಕೆ ಅವಸರ ಬೇಕು. ಇದನ್ನು ಆ್ಯಪ್ ತೀರ್ಮಾನ ಮಾಡಬಾರದು. ಅದು ಡಾಕ್ಟರಲ್ಲ. ಅದರ ಕೆಲಸ ಎರಡೇ: ಕೇಳಿಸಿಕೊಳ್ಳುವುದು, ಸರಿಯಾದ ಜಾಗಕ್ಕೆ ಕಳಿಸುವುದು.

ಆದ್ದರಿಂದ ‘ಏನಾಯ್ತು’ ಅನ್ನೋ ಪರದೆಯಲ್ಲೇ ಕೆಲವು ಅಪಾಯದ ಚಿಹ್ನೆಗಳನ್ನು ಚಿತ್ರದ ಜೊತೆ ಇಟ್ಟೆವು. ಮುಖ, ತುಟಿ, ನಾಲಿಗೆ ಊದಿಕೊಳ್ಳುವುದು. ಉಸಿರಾಡಲು ಕಷ್ಟ. ಪ್ರಜ್ಞೆ ತಪ್ಪುವುದು. ಜ್ವರದ ಜೊತೆ ಮೈತುಂಬ ದದ್ದು, ಚರ್ಮ ಸುಲಿಯುವುದು, ಬಾಯಿ ಕಣ್ಣಿನಲ್ಲಿ ಹುಣ್ಣು. ಇದರಲ್ಲಿ ಯಾವುದನ್ನು ಒತ್ತಿದರೂ ಪ್ರಶ್ನೆಗಳು ಅಲ್ಲಿಗೇ ನಿಲ್ಲುತ್ತವೆ. ‘ಮೊದಲು ಆಸ್ಪತ್ರೆಗೆ ಹೋಗಿ. ವರದಿ ಆಮೇಲೆ’ ಅಂತ ಬರುತ್ತೆ, ಪಕ್ಕದಲ್ಲೇ 108ಕ್ಕೆ ಕರೆ ಮಾಡುವ ಬಟನ್. ಬೇರೆ ಎಲ್ಲ ವರದಿಗಳ ಕೊನೆಯಲ್ಲಿ, ‘ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಈ ವರದಿಯನ್ನು ಅವರಿಗೆ ತೋರಿಸಿ’ ಅಂತ ಬರುತ್ತೆ. ತೋರಿಸುವುದಕ್ಕೆ ಒಂದು ಪುಟದ ಸಾರಾಂಶವೂ ಸಿಗುತ್ತೆ. ಅಮ್ಮ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಲು ಹಿಂಜರಿದಿದ್ದನ್ನು ಈ ಪುಟ ಹೇಳುತ್ತದೆ.

ಇನ್ನು ಗುಟ್ಟಿನ ವಿಷಯ. ಮೊದಲ ಮಾದರಿಯಲ್ಲಿ ಆ್ಯಪ್ ತೆರೆದ ಕೂಡಲೇ ಫೋನ್ ನಂಬರ್, ಒಟಿಪಿ ಕೇಳುತ್ತಿದ್ದೆವು. ಒಬ್ಬ ಹೆಣ್ಣುಮಗಳು, ಗರ್ಭನಿರೋಧಕ ಮಾತ್ರೆಯಿಂದ ಆದ ತೊಂದರೆ ಹೇಳಬೇಕು ಅಂದುಕೊಂಡವಳು, ಒಟಿಪಿ ಅಂದ ತಕ್ಷಣ ಫೋನ್ ಕೆಳಗಿಟ್ಟಳು. ಒಟಿಪಿ ಹೋಗೋದು ಗಂಡನ ಫೋನಿಗೆ. ಈಗ ಲಾಗಿನ್ ಇಲ್ಲ. ಪೂರ್ತಿ ಹೆಸರು ಬೇಡ, ವಯಸ್ಸು ಮತ್ತು ಮೊದಲಕ್ಷರ ಸಾಕು. ಫೋನ್ ನಂಬರು ಕೊನೆಯಲ್ಲಿ, ಇಷ್ಟ ಇದ್ದರೆ ಮಾತ್ರ. ಕಳಿಸಿದ ಮೇಲೆ ಫೋನಿನಲ್ಲಿ ಗುರುತು ಉಳಿಯದಂತೆ ಅಳಿಸಿಹಾಕುವ ಬಟನ್ನೂ ಇದೆ. ನೆಟ್‌ವರ್ಕ್ ಸಿಗದ ಮಲೆನಾಡಿನ ಮೂಲೆಯಲ್ಲಿದ್ದರೆ ವರದಿ ಫೋನಿನಲ್ಲೇ ಕಾಯುತ್ತದೆ, ಸಿಗ್ನಲ್ ಬಂದಾಗ ಹೋಗುತ್ತದೆ.

ಎಲ್ಲರೂ ಕೇಳಿದ ಇನ್ನೊಂದು ಪ್ರಶ್ನೆ, ‘ಇದು ಡಾಕ್ಟರ ಮೇಲೆ ಕಂಪ್ಲೇಂಟ್ ಆಗುತ್ತಾ?’ ಇಲ್ಲ. ವರದಿ ಕೊಟ್ಟ ಮಾತ್ರಕ್ಕೆ ಡಾಕ್ಟರಿಂದ, ಕಂಪನಿಯಿಂದ ತಪ್ಪಾಗಿದೆ ಅಂತ ಅರ್ಥ ಅಲ್ಲ. ಸಂಶಯ ಇದ್ದರೆ ಸಾಕು, ಸಾಕ್ಷಿ ಬೇಡ. ಗೊತ್ತಿರುವ ಅಡ್ಡಪರಿಣಾಮವಾದರೂ ಹೇಳಬಹುದು, ಚಿಕ್ಕದಾದರೂ ಹೇಳಬಹುದು.

ಕೊನೆಯದಾಗಿ, ‘ಕಳಿಸಿ’ ಒತ್ತಿದ ಮೇಲೆ ಏನು? ನಮ್ಮ ಮೊದಲ ಮಾದರಿ ‘ಧನ್ಯವಾದಗಳು’ ಅಂತ ಹೇಳಿ ಒಂದು ಉದ್ದನೆಯ ನಂಬರ್ ಕೊಡುತ್ತಿತ್ತು. ಒಬ್ಬ ಹಿರಿಯರು ಆ ನಂಬರ್ ನೋಡಿ, ‘ಇದನ್ನ ಏನು ಮಾಡಲಿ?’ ಅಂತ ಕೇಳಿದರು. ಉತ್ತರ ಇರಲಿಲ್ಲ. ಮಾತು ಹಾಕಿದರೆ ತಿರುಗಿ ಓಗೊಡದಿದ್ದರೆ ಎರಡನೇ ಸಲ ಯಾರು ಕೂಗ್ತಾರೆ ಹೇಳಿ? ಈಗ ಆ್ಯಪ್ ಸರಳವಾಗಿ ಹೇಳುತ್ತದೆ: ನೀವು ಹೇಳಿದ್ದು ಯಾರ ಕೈಗೆ ಹೋಗಬೇಕು, ಅವರು ಏನು ಮಾಡ್ತಾರೆ, ನಿಮ್ಮೊಬ್ಬರ ವರದಿಯಿಂದ ನಾಳೆಯೇ ಔಷಧಿ ನಿಷೇಧ ಆಗಲ್ಲ, ಆದರೆ ಇಂಥವೇ ಹತ್ತಾರು ಸೇರಿದಾಗ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಆ ಔಷಧಿಯ ಬಗ್ಗೆ ಮುಂದೆ ಯಾವುದಾದರೂ ಅಧಿಕೃತ ಎಚ್ಚರಿಕೆ ಬಂದರೆ ತಿಳಿಸುತ್ತದೆ. ಇದೊಂದನ್ನು ಉಳಿಸಿಕೊಳ್ಳುವುದು ಬೇರೆಲ್ಲಕ್ಕಿಂತ ಕಷ್ಟ. ಪರದೆ ಮಾಡುವುದು ನಮ್ಮ ಕೈಲಿದೆ, ಆಚೆ ಕಡೆ ಕೇಳಿಸಿಕೊಳ್ಳುವ ಮನುಷ್ಯರು ಇರಬೇಕಾದದ್ದು ವ್ಯವಸ್ಥೆಯ ಕೈಲಿದೆ.

ನಮ್ಮ ಮೂರನೇ ಮಾದರಿಯನ್ನು ಅಮ್ಮನಿಗೆ ಕೊಟ್ಟೆ. ಮೈಕ್ ಒತ್ತಿ ಹೇಳಿದರು. ‘ಬಿಪಿ ಮಾತ್ರೆ ಒಗ್ಗಲಿಲ್ಲ. ಗೌರಿ ಹಬ್ಬದಲ್ಲಿ ಶುರು ಮಾಡಿದ್ದು, ದಸರಾ ಹೊತ್ತಿಗೆ ಕೆಮ್ಮು ಬಂತು. ಮಾತ್ರೆ ಬದಲಾಯಿಸಿದ ಮೇಲೆ ಹೋಯ್ತು.’ ಅಷ್ಟೇ. ಮೇಷ್ಟ್ರು ಕೇಳಿಸಿಕೊಂಡು ನಕ್ಕರು. ‘ಯಾವ ಔಷಧಿ, ಎಷ್ಟು ದಿನಕ್ಕೆ, ಬಿಟ್ಟ ಮೇಲೆ ಏನಾಯ್ತು, ಎಲ್ಲ ಹೇಳಿಬಿಟ್ಟರಲ್ಲ. ನಮ್ಮ ವಿದ್ಯಾರ್ಥಿಗಳೂ ಇಷ್ಟು ಚೆನ್ನಾಗಿ ಕೇಸ್ ಬರೆಯಲ್ಲ’ ಅಂದರು.

ನಮ್ಮ ಆ್ಯಪ್‌ಗೆ ನೀವು ಕಾಯಬೇಕಾಗಿಲ್ಲ. ಯಾವುದಾದರೂ ಔಷಧಿ ಒಗ್ಗಲಿಲ್ಲ ಅನ್ನಿಸಿದರೆ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ. ಆಮೇಲೆ 1800-180-3024ಕ್ಕೆ ಕೆಲಸದ ದಿನಗಳಲ್ಲಿ ಫೋನ್ ಮಾಡಿ. ಮಾತ್ರೆ ಸ್ಟ್ರಿಪ್ಪನ್ನು ಪೂರ್ತಿ ಖಾಲಿಯಾಗುವವರೆಗೂ ಬಿಸಾಡಬೇಡಿ. ಅಂಗಡಿಯಲ್ಲಿ ಬಿಲ್ಲು ಕೇಳಿ ಪಡೆಯಿರಿ. ಹೊಸ ಮಾತ್ರೆ ಶುರುವಾದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಒಂದು ಗುರುತು ಹಾಕಿ.

ಅಮ್ಮ ಈಗ ಮತ್ತೆ ದೇವಸ್ಥಾನಕ್ಕೆ ಹೋಗ್ತಿದ್ದಾರೆ. ಅಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ‘ಬಿಪಿಗೆ ಯಾವ ಮಾತ್ರೆ ತಗೋತೀರಿ?’ ಅಂತ ಕೇಳ್ತಾರಂತೆ. ‘ಕೇಳಮ್ಮಾ, ಆದರೆ ನಿಲ್ಲಿಸಿ ಅಂತ ಮಾತ್ರ ಹೇಳಬೇಡ, ಡಾಕ್ಟರನ್ನ ಕೇಳಿ ಅನ್ನು’ ಅಂತ ನಾನು ಪ್ರತಿ ಭಾನುವಾರ ಫೋನಿನಲ್ಲಿ ನೆನಪಿಸ್ತೀನಿ.